ತುರುಬಿನ ತನಕ ಬಂದ ಬೇಸರ

ಮ್ಯಾಡ್ರಿಡ್‌ನ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಕೂತು ಅದು ಮೂರನೇ ವಾರ. ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿ. ಹತ್ತಿ ಬರುವಾಗ ಮೂರನೇ ಮಹಡಿಯ ಅಜ್ಜಿ ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಎರಡೂ ಕೈಯಲ್ಲಿ ತರಕಾರಿ ಚೀಲ. ನನ್ನನ್ನು ಕಂಡಿದ್ದೇ ಚೀಲ ಕೆಳಗಿಟ್ಟರು, ಬಲಗೈ ಎತ್ತಿ ಹಿಂದಲೆಯ ತುರುಬನ್ನು ಎರಡು ಸಲ ತಟ್ಟಿಕೊಂಡು, "ಎಸ್ತೋಯ್ ಆಸ್ತಾ ಎಲ್ ಮೋನ್ಯೊ, ಈಹಾ!" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, 'ನಾನು ತುರುಬಿನ ತನಕ ಇದ್ದೀನಿ ಮಗಳೇ' ಅಂತ.

ಸಾಗರದ ನಮ್ಮ ಅಜ್ಜಿ ಕಣ್ಣಮುಂದೆ ಬಂದರು. ಅವರದೂ ಅಷ್ಟೇ ಗಾತ್ರದ ಬಿಳಿ ತುರುಬು. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳದೆ, ಊದಿ ಊದಿ ಕಣ್ಣು ಕೆಂಪಾಗಿ, ಊದುಗೊಳವೆ ಪಕ್ಕಕ್ಕೆ ಎಸೆದು, ಅದೇ ಕೈಯನ್ನು ತಲೆಗೆ ಒಯ್ದು "ಸಾಕಾಗಿ ಹೋಯ್ತು ಮಾರಾಯ್ತಿ ಈ ಒಲೆ ಸಹವಾಸ" ಅನ್ನುತ್ತಿದ್ದರು. ಕೈ ಹೋದ ಜಾಗ ಒಂದೇ, ಉಸಿರು ಬಿಟ್ಟ ರೀತಿ ಒಂದೇ. ನನ್ನ ಕೆಲಸ ಹೇಗೆ ಮಾಡಬೇಕು ಅಂತ ನನಗೆ ಸರಿಯಾಗಿ ತಿಳಿದದ್ದು ಆ ಮೆಟ್ಟಿಲ ಮೇಲೆ.

ಸ್ಪ್ಯಾನಿಷ್ ಧಾರಾವಾಹಿಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಧಾರಾವಾಹಿ ಅಂದಮೇಲೆ ಅಲ್ಲಿ ಯಾರಿಗಾದರೂ ಯಾರಿಂದಾದರೂ ಸಾಕಾಗಿಯೇ ಇರುತ್ತದೆ. ಗಂಡನಿಂದ, ಅತ್ತೆಯಿಂದ, ಬ್ಯಾಂಕಿನಿಂದ, ಮೇಲಿನ ಮನೆಯವರ ಸದ್ದಿನಿಂದ. ಪ್ರೀತಿಯ ಮಾತನ್ನು ಅನುವಾದಿಸುವುದು ಇದಕ್ಕಿಂತ ಎಷ್ಟೋ ಸಲೀಸು. ಬೇಸತ್ತವರ ಮಾತಿನಲ್ಲಿ ಅರ್ಥ ಕಡಿಮೆ, ಕಾವು ಹೆಚ್ಚು. ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ಕಾವು ಸಿಗುವುದಿಲ್ಲ.

ಶುರುವಿನ ವರ್ಷ ನಾನು ಎಡವಿದ್ದು ಇಲ್ಲೇ. ನಿವೃತ್ತ ಶಾಲಾ ಟೀಚರ್ ಒಬ್ಬರ ಪಾತ್ರ, ಅಳಿಯನ ಎದುರು ನಿಂತು, 'ನಿನ್ನ ಭರವಸೆಗಳಿಂದ ನೆತ್ತಿಯ ತನಕ ಬಂದಿದೆ' ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಅದು 'ಆಸ್ತಾ ಲಾ ಕೊರೊನೀಯಾ'. ಕೊರೊನೀಯಾ ಅಂದರೆ ನಡುನೆತ್ತಿ. ನಮ್ಮಲ್ಲಿ ಸಿಟ್ಟು ನೆತ್ತಿಗೇರಿತು ಅಂದರೆ ಇನ್ನು ಮೇಲೆ ಹೋಗಲು ಜಾಗವಿಲ್ಲ ಅಂತಲ್ಲವೇ? ಆ ಲೆಕ್ಕದಲ್ಲೇ ನಾನು 'ಸಿಕ್ ಟು ಡೆತ್' ಬರೆದು, ಭರವಸೆಯ ಹಿಂದೆ ಒಂದು 'ಬ್ಲಡಿ'ಯನ್ನೂ ಅಂಟಿಸಿ ಕಳಿಸಿದೆ. ಕಡತ ವಾಪಸ್ ಬಂತು. ತಿದ್ದುವವರು ಒಂದೇ ಸಾಲು ಬರೆದಿದ್ದರು: ಈ ಹೆಂಗಸು ಹೀಗೆ ಮಾತಾಡುವವರಲ್ಲ. ಅವರು ಹಾಕಿದ್ದ ಬದಲಿ ಮಾತು 'ಐ ಹ್ಯಾವ್ ಹ್ಯಾಡ್ ಕ್ವೈಟ್ ಇನಫ್ ಆಫ್ ಯುವರ್ ಪ್ರಾಮಿಸಸ್'. ಓದಿದ ಕೂಡಲೇ ಆ ಟೀಚರ್ ಎದುರಿಗೆ ಬಂದು ನಿಂತ ಹಾಗಾಯಿತು. ಬೆನ್ನು ನೇರ, ದನಿ ತಗ್ಗಿಲ್ಲ, ಕೆಟ್ಟ ಮಾತು ಒಂದೂ ಇಲ್ಲ.

ಅಂದಿನಿಂದ ಉದ್ದ ಲೆಕ್ಕದ ಪುಸ್ತಕವೊಂದರಲ್ಲಿ ಮೂರು ಅಂಕಣ ಎಳೆದು ಬರೆಯುತ್ತ ಬಂದೆ. ಎಡಗಡೆ ಸ್ಪ್ಯಾನಿಷ್, ಬಲಗಡೆ ಇಂಗ್ಲಿಷ್, ನಡುವೆ ಕನ್ನಡ. ಕೆಲಸಕ್ಕೆ ಕನ್ನಡ ಬೇಕಾಗಿಯೇ ಇಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಮಾತಿನ ಬಿಸಿ ಅಳೆಯಲು ನನ್ನ ಹತ್ತಿರ ಇರುವ ಕೈ ಅದೊಂದೇ. ಇಂಗ್ಲಿಷ್ ನಾನು ಶಾಲೆಯಲ್ಲಿ ಕಲಿತದ್ದು, ಸ್ಪ್ಯಾನಿಷ್ ಇಪ್ಪತ್ತೈದು ದಾಟಿದ ಮೇಲೆ. ಬೈಸಿಕೊಂಡು ಬೆಳೆದದ್ದು ಕನ್ನಡದಲ್ಲಿ. 'ಬೇಜಾರಾಗಿದೆ'ಗೂ 'ರೋಸಿಹೋಗಿದೆ'ಗೂ ಎಷ್ಟು ದೂರ, 'ತಲೆ ತಿನ್ನಬೇಡ'ದಿಂದ 'ಪ್ರಾಣ ಹಿಂಡಬೇಡ'ಕ್ಕೆ ಎಷ್ಟು ಹೆಜ್ಜೆ ಅಂತ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ದೃಶ್ಯ ಬಂದಾಗ ಮೊದಲು ದನಿ ಮುಚ್ಚಿ ಚಿತ್ರವಷ್ಟನ್ನೇ ನೋಡುತ್ತೇನೆ. ಕೈ ಎಲ್ಲಿಗೆ ಹೋಯಿತು, ಹುಬ್ಬು ಏನು ಮಾಡಿತು. ಆಮೇಲೆ ದನಿ ಹಾಕಿ ಕೇಳಿ, ನಮ್ಮ ಮನೆಯಲ್ಲಿ ಈ ಮಾತು ಯಾರದ್ದು, ಅವರು ಏನು ಅನ್ನುತ್ತಿದ್ದರು ಅಂತ ನಡು ಅಂಕಣ ತುಂಬಿಸುತ್ತೇನೆ. ಇಂಗ್ಲಿಷ್ ಹುಡುಕುವುದು ಆಮೇಲಿನ ಮಾತು.

ಪುಸ್ತಕದ ಮೊದಲ ಸಾಲು 'ಎಸ್ತೋಯ್ ಆರ್ತಾ'. ಬರೆಯುವಾಗ ಆರ್ತಾದ ಮುಂದೆ ಎಚ್ ಅಕ್ಷರ ಇದೆ, ಸ್ಪ್ಯಾನಿಷ್‌ನವರು ಅದನ್ನು ಉಚ್ಚರಿಸುವುದಿಲ್ಲ. ಹೇಳುವವನು ಗಂಡಸಾದರೆ ಆರ್ತೊ, ಹೆಂಗಸಾದರೆ ಆರ್ತಾ. ಕನ್ನಡದ ಕಿವಿ ಕೂಡಲೇ ಆರ್ತನಾದದ ಆರ್ತ ಅಂತ ನಂಬುತ್ತದೆ. ನಾನೂ ಬಹಳ ದಿನ ನಂಬಿದ್ದೆ. ಎರಡಕ್ಕೂ ಸಂಬಂಧವಿಲ್ಲ. ಇದು ಲ್ಯಾಟಿನ್‌ನ 'ಫಾರ್ತುಸ್'ನಿಂದ ಬಂದದ್ದು, ತುರುಕಿ ತುಂಬಿದ್ದು ಅಂತ ಅರ್ಥ. ಹೊಟ್ಟೆ ಬಿರಿಯುವಷ್ಟು ತಿಂದವನು ಆರ್ತೊ. ಇಂಗ್ಲಿಷಿನ 'ಫೆಡ್ ಅಪ್' ಕೂಡ ಉಣಿಸಿದ್ದು ಹೆಚ್ಚಾದವನ ಮಾತೇ. ನಮ್ಮ 'ಸಾಕು' ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಪದ. ಮೂರು ಭಾಷೆಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತು, ಒಂದೇ ಹೊತ್ತಿಗೆ 'ಇನ್ನು ಬಡಿಸಬೇಡಿ' ಅಂದ ಹಾಗೆ. ಈ ಸಾಲನ್ನು ಬರೆದ ದಿನ ನನಗೆ ಆದ ಸಂತೋಷ ಈಗಲೂ ನೆನಪಿದೆ.

ತುಂಬಿದ್ದು ಎಲ್ಲಿಯವರೆಗೆ ಬಂತು ಅನ್ನುವುದರಲ್ಲಿ ಸ್ಪ್ಯಾನಿಷ್‌ನ ಸಿರಿವಂತಿಕೆ ಇದೆ. 'ಆಸ್ತಾ' ಅಂದರೆ ತನಕ. ಮೂಗಿನ ತನಕ ಅನ್ನಲು 'ಆಸ್ತಾ ಲಾಸ್ ನಾರೀಥೆಸ್', ನೆತ್ತಿಗೆ ಕೊರೊನೀಯಾ, ತಲೆಯ ಟೋಪಿಗೆ ಗೊರ್ರೊ, ತುರುಬಿಗೆ ಮೋನ್ಯೊ. ಕೆಳಗೂ ಇಳಿಯುತ್ತದೆ. ಸೊಂಟದಿಂದ ಕೆಳಗಿನ ಗಂಡಸಿನ ಅಂಗಗಳ ಹೆಸರು ಹಿಡಿದು ಹೇಳುವ ರೂಪಗಳು ಬೀದಿಯಲ್ಲಿ, ಗೆಳೆಯರ ನಡುವೆ ಧಾರಾಳವಾಗಿ ಕೇಳಿಸುತ್ತವೆ. ಇದನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿದಾಗ ನನಗೆ ಕಂಡದ್ದು ಇಷ್ಟು: ಮೈಯಲ್ಲಿ ಮೇಲೆ ಹೋದಷ್ಟೂ ಮಾತು ಮರ್ಯಾದಸ್ಥ ಆಗುತ್ತದೆ. ಕೆಳಗಿನದು ಒರಟು, ಮೂಗಿನದು ಮನೆಮಂದಿಯ ನಡುವೆ ಸಲ್ಲುತ್ತದೆ, ನೆತ್ತಿ, ಟೋಪಿ, ತುರುಬುಗಳನ್ನು ಯಾರ ಎದುರೂ ಹೇಳಬಹುದು. ನಾನು ಟೀಚರ್ ಬಾಯಿಗೆ ತಪ್ಪು ಮಾತು ತುಂಬಿದ್ದು ಇದಕ್ಕೇ. ನೆತ್ತಿ ಎತ್ತರದಲ್ಲಿದೆ, ಹಾಗಾಗಿ ಸಿಟ್ಟೂ ಎತ್ತರ ಅಂದುಕೊಂಡೆ.

ಇಂಗ್ಲಿಷಿನಲ್ಲಿ ಇಂಥ ಏಣಿ ಇಲ್ಲ. ಅಲ್ಲಿ 'ಅಪ್ ಟು ಹಿಯರ್' ಅಂತ ಹೇಳಿ ಕೈಯಿಂದ ತೋರಿಸುತ್ತಾರೆ. ಬ್ರಿಟನ್ನಿನವರು ಮಾತ್ರ ಫೆಡ್ ಅಪ್ ಅನ್ನು ದವಡೆ ಹಲ್ಲಿನ ತನಕ ಒಯ್ದು 'ಟು ದ ಬ್ಯಾಕ್ ಟೀತ್' ಅನ್ನುತ್ತಾರೆ. ಇನ್ನೊಂದು ಕಡೆ ಎಚ್ಚರ ಬೇಕು. ಕುತ್ತಿಗೆಯ ತನಕ, 'ಆಸ್ತಾ ಎಲ್ ಕ್ವೆಯೊ', ಅಂದರೆ ಬೇಸರವಲ್ಲ, ಸಾಲದಲ್ಲೋ ತಾಪತ್ರಯದಲ್ಲೋ ಮುಳುಗಿದ್ದು, ನಮ್ಮ ಕಂಠಮಟ್ಟ ಸಾಲ ಇದ್ದ ಹಾಗೆ. ಇಂಗ್ಲಿಷಿನ 'ಅಪ್ ಟು ಮೈ ನೆಕ್' ಕೂಡ ಅದೇ. ಮೂಗಿಗೂ ಕುತ್ತಿಗೆಗೂ ಒಂದು ಗೇಣು ಅಂತರ, ಅಷ್ಟರಲ್ಲಿ ಮಾತೇ ಬೇರೆ.

ನನಗೆ ಬಹಳ ಇಷ್ಟದ ಎರಡು ನುಡಿಗಟ್ಟು ಬಾಗಿಲಿಗೂ ಮನೆಗೂ ಸಂಬಂಧಿಸಿದವು. 'ಮೆ ಸಾಕಾಸ್ ದೆ ಕೀಥಿಯೊ' ಅಂದರೆ ನನ್ನನ್ನು ಕೀಥಿಯೊದಿಂದ ಕಿತ್ತು ಹಾಕುತ್ತೀಯ ಅಂತ. ಕೀಥಿಯೊ ಅನ್ನುವುದು ಬಾಗಿಲ ಚೌಕಟ್ಟಿನಲ್ಲಿ ತಿರುಗಣಿ ಕೂರುವ ಭಾಗ. ಕಿತ್ತು ಬಂದ ಬಾಗಿಲು ಮುಚ್ಚಲೂ ಆಗದೆ ತೆರೆಯಲೂ ಆಗದೆ ಓಲಾಡುತ್ತದಲ್ಲ, ಆ ಸ್ಥಿತಿ. ಇಂಗ್ಲಿಷಿನಲ್ಲಿ 'ಅನ್‌ಹಿಂಜ್ಡ್' ಅಂತ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಹೋಗಬಾರದು. ಇಂಗ್ಲಿಷಿನಲ್ಲಿ ಅದು ಬುದ್ಧಿ ಕೆಟ್ಟವನ ಬಗ್ಗೆ ಹೇಳುವ ಮಾತು, ದಿನಾ ಬೂಟು ಬಾಗಿಲಲ್ಲೇ ಬಿಡುವ ಗಂಡನಿಗೆ ಹೆಂಡತಿ ಹೇಳುವುದಲ್ಲ. ಅಲ್ಲಿ 'ಯು ಡ್ರೈವ್ ಮಿ ಅಪ್ ದ ವಾಲ್' ಸರಿ. ಬಾಗಿಲು ಹೋಗಿ ಗೋಡೆ ಬಂತು, ಮನೆಯೊಳಗೇ ಉಳಿದೆವು. ನಡು ಅಂಕಣದಲ್ಲಿ ನಾನು ಬರೆದಿರುವುದು 'ತಲೆ ಚಿಟ್ಟು ಹಿಡಿಸ್ತೀಯ'.

ಇನ್ನೊಂದು, ಯಾರನ್ನಾದರೂ ಅವರ 'ಕಸೀಯಾಸ್'ನಿಂದ ಹೊರಗೆ ತೆಗೆಯುವುದು. ಕಾಸಾ ಅಂದರೆ ಮನೆ, ಕಸೀಯಾ ಅಂದರೆ ಪುಟ್ಟ ಮನೆ, ಆಟದ ಹಲಗೆಯ ಚೌಕಕ್ಕೂ ಅದೇ ಹೆಸರು. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಾವೂ ಅದನ್ನು ಮನೆ ಅಂತಲೇ ಕರೆಯುತ್ತೇವೆ. ತಾಳ್ಮೆ ಕಳೆದುಕೊಂಡವನು ತನ್ನ ಮನೆ ಬಿಟ್ಟು ಹೊರಬಿದ್ದ ಕಾಯಿ. ಇಂಗ್ಲಿಷಿಗೆ ಬಂದಾಗ ಇದೆಲ್ಲ ಉದುರಿ 'ಡ್ರೈವ್ ಮಿ ಕ್ರೇಜಿ' ಅಷ್ಟೇ ಉಳಿಯುತ್ತದೆ. ಬೇರೆ ದಾರಿ ನನಗೆ ಇದುವರೆಗೆ ಸಿಕ್ಕಿಲ್ಲ.

ಕೆಲವು ಸಲ ಕನ್ನಡದ ಅಂಕಣ ಎಷ್ಟು ಚೆನ್ನಾಗಿ ತುಂಬುತ್ತದೆಂದರೆ ಬಲಗಡೆಯ ಇಂಗ್ಲಿಷ್ ಬಡವಾಗಿ ಕಾಣುತ್ತದೆ. 'ಎರಾಮೊಸ್ ಪೋಕೊಸ್ ಇ ಪರಿಯೋ ಲಾ ಅಬ್ವೇಲಾ', ನಾವಿದ್ದವರು ಕೆಲವೇ ಮಂದಿ, ಅಷ್ಟರಲ್ಲಿ ಅಜ್ಜಿ ಹೆತ್ತಳು. ಇರುವ ರಗಳೆ ಸಾಲದು ಅಂತ ಮೇಲೊಂದು ಬಂದಾಗ ಹೇಳುವ ಮಾತು. ನಮ್ಮಲ್ಲಿ 'ಬರಗಾಲದಲ್ಲಿ ಅಧಿಕ ಮಾಸ'. ಅಲ್ಲಿ ಉಣ್ಣುವ ಬಾಯಿ ಹೆಚ್ಚಿತು, ಇಲ್ಲಿ ಉಣ್ಣಿಸಬೇಕಾದ ತಿಂಗಳು ಹೆಚ್ಚಿತು. ಇಂಗ್ಲಿಷಿಗೆ 'ದಟ್ಸ್ ಆಲ್ ವಿ ನೀಡೆಡ್' ಬರೆಯುತ್ತೇನೆ, ಕೆಲಸ ನಡೆಯುತ್ತದೆ. ಹಾಗೆಯೇ 'ಬ್ವೆಲ್ತಾ ಲಾ ಬುರ್ರಾ ಅಲ್ ತ್ರೀಗೊ', ಕತ್ತೆ ಮತ್ತೆ ಗೋಧಿ ಹೊಲಕ್ಕೆ ನುಗ್ಗಿತು. ಹೇಳಿದ್ದನ್ನೇ ಹೇಳುವವರ ಎದುರು ಬೇಸತ್ತು ಆಡುವುದು. ಹಾಡಿದ್ದೇ ಹಾಡೋ ಕಿಸಬಾಯಿದಾಸ! ಇಂಗ್ಲಿಷಿನಲ್ಲಿ 'ಹಿಯರ್ ವಿ ಗೋ ಅಗೇನ್'. ಲೋಟ ತುಳುಕಿಸುವ ಹನಿ, 'ಲಾ ಗೋತಾ ಕೆ ಕೋಲ್ಮಾ ಎಲ್ ಬಾಸೊ', ಇಂಗ್ಲಿಷಿನ 'ದ ಲಾಸ್ಟ್ ಸ್ಟ್ರಾ' ಆಗುತ್ತದೆ. ಸ್ಪೇನಿನಲ್ಲಿ ನೀರು, ಇಂಗ್ಲಿಷಿನಲ್ಲಿ ಒಂಟೆಯ ಬೆನ್ನ ಮೇಲಿನ ಹುಲ್ಲುಕಡ್ಡಿ. ಇದರಲ್ಲಿ ಕಷ್ಟವೇನಿಲ್ಲ.

ಕಷ್ಟ ಬರುವುದು ಏಕವಚನ ಬಹುವಚನದಲ್ಲಿ. 2007ರ ನವೆಂಬರ್ 10ರಂದು ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಶೃಂಗಸಭೆ ನೆನಪಿರಬಹುದು. ಸ್ಪೇನಿನ ಪ್ರಧಾನಿ ಸಪಟೇರೊ ಮಾತಾಡುತ್ತಿದ್ದಾಗ ವೆನೆಜುವೆಲಾದ ಅಧ್ಯಕ್ಷ ಚಾವೆಜ್ ಮತ್ತೆ ಮತ್ತೆ ನಡುವೆ ಬಾಯಿ ಹಾಕುತ್ತಿದ್ದರು. ಪಕ್ಕದಲ್ಲಿದ್ದ ಸ್ಪೇನಿನ ಆಗಿನ ದೊರೆ ಹುವಾನ್ ಕಾರ್ಲೊಸ್ ಮುಂದಕ್ಕೆ ಬಾಗಿ, "ಪೋರ್ ಕೆ ನೋ ತೆ ಕಾಯಾಸ್?" ಎಂದುಬಿಟ್ಟರು. ಇಂಗ್ಲಿಷ್ ಪತ್ರಿಕೆಗಳಲ್ಲಿ 'ವೈ ಡೋಂಟ್ ಯು ಶಟ್ ಅಪ್' ಅಂತ ಬಂತು. ಸ್ಪ್ಯಾನಿಷ್ ಕ್ರಿಯಾಪದಕ್ಕೆ ಸುಮ್ಮನಾಗು ಅನ್ನುವಷ್ಟೇ ಅರ್ಥ, ಬಾಯಿ ಮುಚ್ಚು ಅನ್ನುವಷ್ಟು ಒರಟು ಅದರ ಮೂಲದಲ್ಲಿಲ್ಲ. ಆದರೆ ಅದರಲ್ಲಿ 'ತೂ' ಇದೆ, ನೀನು ಇದೆ. 'ಉಸ್ತೆದ್', ಅಂದರೆ ನೀವು, ಇಲ್ಲ. ತುಂಬಿದ ಸಭೆಯಲ್ಲಿ ಒಂದು ದೇಶದ ಮುಖ್ಯಸ್ಥನಿಗೆ ಇನ್ನೊಬ್ಬ ಹಾಗೆ ಅಂದದ್ದು ನನ್ನ ಕಿವಿಗೆ ಚುಚ್ಚಿದ್ದು ಆ ನೀನು. ಇಂಗ್ಲಿಷಿನ 'ಯು'ನಲ್ಲಿ ಅದು ಕಾಣುವುದೇ ಇಲ್ಲ, ಆದ್ದರಿಂದ ಒರಟುತನವನ್ನು 'ಶಟ್ ಅಪ್' ಹೊರಬೇಕಾಯಿತು. ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಸೇರಿಸಿದರು. ಕನ್ನಡಕ್ಕೆ ಆ ಪಾಡಿಲ್ಲ. 'ನೀನ್ಯಾಕೆ ಸುಮ್ಮನಿರಬಾರದು?' ಅಂದರೆ ಸಾಕು, ಎಲ್ಲವೂ ಬಂತು.

ಸಮುದ್ರ ದಾಟಿದರೆ ಮಾತು ಮತ್ತೆ ಬೇರೆ. ಅರ್ಜೆಂಟೀನಾದವರು ಸಾಕಾದಾಗ ಕೊಳೆತುಹೋದೆ ಅನ್ನುತ್ತಾರೆ, 'ಮೆ ತೆನೆಸ್ ಪೊದ್ರೀದೊ'. ಮೆಕ್ಸಿಕೊದ ಅಮ್ಮಂದಿರು ಮಕ್ಕಳಿಗೆ 'ನನ್ನ ತಲೆಯಲ್ಲಿ ಹಸಿರು ನರೆ ಬರಿಸುತ್ತೀಯ' ಅನ್ನುತ್ತಾರೆ. ಬಿಳಿ ನರೆ ವಯಸ್ಸಿನದು, ಹಸಿರು ನರೆ ಮಕ್ಕಳ ಕಾಟದ್ದು. ಅದೇ ಮೆಕ್ಸಿಕೊದ 'ಯಾ ಬಾಸ್ತಾ' ಬಂದಾಗ ಮಾತ್ರ ನಾನು ನಿಧಾನಿಸುತ್ತೇನೆ. ಅಡುಗೆಮನೆಯಲ್ಲಿ ತಾಯಿ ಹೇಳಿದರೆ ಅದು 'ಸಾಕು ನಿಲ್ಲಿಸು', ಇಂಗ್ಲಿಷಿಗೆ 'ದಟ್ಸ್ ಇನಫ್'. ಆದರೆ 1994ರ ಜನವರಿ 1ರಂದು ಅಲ್ಲಿನ ಚಿಯಾಪಾಸ್ ರಾಜ್ಯದಲ್ಲಿ ಬಂಡೆದ್ದ ಸಪಾತಿಸ್ತಾ ಆದಿವಾಸಿಗಳ ಘೋಷಣೆಯೂ ಅದೇ. ಆ ಹಿನ್ನೆಲೆಯ ಪಾತ್ರ ಬಂದರೆ 'ಇನಫ್ ಈಸ್ ಇನಫ್' ಬೇಕು. ನಡು ಅಂಕಣದಲ್ಲಿ ತಾಳ್ಮೆಯ ಕಟ್ಟೆ ಒಡೆಯಿತು ಅಂತ ಬರೆದುಕೊಂಡಿದ್ದೇನೆ.

ಇಷ್ಟೆಲ್ಲ ಆದಮೇಲೆ ಅಕ್ಷರ ಎಣಿಸುವ ಕೆಲಸ. ನಾನು ಕೆಲಸ ಮಾಡುವ ಲೆಕ್ಕದಲ್ಲಿ ಪರದೆಯ ಮೇಲೆ ಎರಡೇ ಸಾಲು, ಸಾಲಿಗೆ 42 ಅಕ್ಷರ, ಖಾಲಿ ಜಾಗವೂ ಅದರಲ್ಲೇ ಸೇರಿತು. ಓದುವವರಿಗೆ ಸೆಕೆಂಡಿಗೆ ಸುಮಾರು 17 ಅಕ್ಷರ. ಕಳೆದ ವರ್ಷ ಒಂದು ಧಾರಾವಾಹಿಯಲ್ಲಿ ನಮ್ಮ ಮೂರನೇ ಮಹಡಿಯ ಅಜ್ಜಿಯ ಮಾತೇ ಬಂತು. ಪಾತ್ರ ಗಂಡನ ಕಡೆ ತಿರುಗಿ, ತುರುಬು ಮುಟ್ಟಿಕೊಂಡು, ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾಳೆ. 'ಫೆಡ್ ಅಪ್' ಬರೆದರೆ ಕೈ ಯಾಕೆ ತಲೆಗೆ ಹೋಯಿತು ಅಂತ ನೋಡುವವರಿಗೆ ತಿಳಿಯದು. ತುರುಬಿಗೆ ಇಂಗ್ಲಿಷಿನಲ್ಲಿ 'ಬನ್' ಅಂತ ಬರೆದರೆ ಅದು ಮಾತಾಗುವುದೇ ಇಲ್ಲ. ಅರ್ಧ ಗಂಟೆ ಕೂತೆ. ಮತ್ತೆ ದನಿ ಮುಚ್ಚಿ ನೋಡಿದಾಗ ಹೊಳೆಯಿತು. ಇಂಗ್ಲಿಷಿನವರೂ ಕೈಯಿಂದಲೇ ತೋರಿಸುತ್ತಾರಲ್ಲ! 'ಐ ಹ್ಯಾವ್ ಹ್ಯಾಡ್ ಇಟ್ ಅಪ್ ಟು ಹಿಯರ್ ವಿತ್ ಯು'. ಮೊದಲೆರಡು ಪದ ಕೂಡಿಸಿ ಬರೆದರೆ ಕೊನೆಯ ಚುಕ್ಕಿಯೂ ಸೇರಿ 32 ಅಕ್ಷರ, ಒಂದೇ ಸಾಲು. 'ಹಿಯರ್' ಅಂದರೆ ಎಲ್ಲಿಯವರೆಗೆ ಅನ್ನುವುದನ್ನು ಆ ಹೆಂಗಸಿನ ಬೆರಳು ತೋರಿಸುತ್ತಿತ್ತು. ತುರುಬು ಪದದಲ್ಲಿ ಇಲ್ಲದಿದ್ದರೂ ಚಿತ್ರದಲ್ಲಿ ಉಳಿಯಿತು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಜ್ಜಿ ಇದ್ದಿದ್ರೆ ನಗಾಡ್ತಿದ್ರು ಕಣೇ" ಅಂದರು.

ಬಗೆಹರಿಯದೆ ಉಳಿದದ್ದು 'ಈಹಾ'. ಬೇಸರದ ನಡುವೆಯೂ ಕೇಳುವವಳನ್ನು ಮಗಳೇ ಅಂತ ಕರೆಯುವ ಆ ಒಂದು ಪದ. ನಮ್ಮ ಕಡೆ ಅದೇ ಜಾಗದಲ್ಲಿ ಮಾರಾಯ್ತಿ ಬರುತ್ತದೆ. ಸಿಟ್ಟು ನಿನ್ನ ಮೇಲಲ್ಲ, ನನ್ನ ಪಾಡು ನೋಡು ಅಂತ ಕೈ ಹಿಡಿದ ಹಾಗೆ. ಇಂಗ್ಲಿಷಿನಲ್ಲಿ 'ಡಾಟರ್' ಅಂದರೆ ನಿಜವಾದ ಮಗಳಾಗುತ್ತಾಳೆ, 'ಡಿಯರ್' ಅಂದರೆ ದನಿಯಲ್ಲಿ ತಿರಸ್ಕಾರ ಕೇಳಿಸಬಹುದು. ಹೋದ ವಾರದ ಕಂತಿನಲ್ಲಿ ಒಬ್ಬ ಮುದುಕಿ ಪಕ್ಕದ ಮನೆಯ ಹುಡುಗಿಯ ಹತ್ತಿರ ಮೂರು ಸಲ ಈಹಾ ಅಂದಳು. ಒಂದಕ್ಕೆ ಬ್ರಿಟನ್ನಿನ ಮುದುಕಿಯರು ಅನ್ನುವ ಹಾಗೆ 'ಲವ್' ಅಂತ ಹಾಕಿದೆ. ಉಳಿದೆರಡಕ್ಕೆ ಜಾಗ ಸಾಲಲಿಲ್ಲ.