ಡೇರಿ ಗೋಡೆಯ ಮೇಲೆ ನಮ್ಮ ಲೈಬ್ರರಿ

ನಮ್ಮ ಪ್ರೌಢಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿರುವ ಮೂರು ಬೀರು. ಕನ್ನಡ ಪಾಠದ ಜೊತೆಗೆ ಅವುಗಳ ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಒಳ್ಳೊಳ್ಳೆ ಪುಸ್ತಕಗಳಿದ್ದವು. ಆದರೆ ರಿಜಿಸ್ಟರ್ ತೆರೆದರೆ ಪ್ರತಿ ವಾರ ಅದೇ ಏಳೆಂಟು ಮಕ್ಕಳ ಹೆಸರು. ಉಳಿದವರಿಗೆ ಬೀರುವಿನೊಳಗೆ ಏನಿದೆ ಅಂತಲೇ ಗೊತ್ತಿರಲಿಲ್ಲ.

ಮೊದಲು ನಾನೇ ಒಂದು ವಿಡಿಯೊ ಮಾಡಿದೆ. ಹೊಸ ಪುಸ್ತಕಗಳ ಪರಿಚಯ, ಆರು ನಿಮಿಷ. ಯಾರೂ ಪೂರ್ತಿ ನೋಡಲಿಲ್ಲ. ಅದೇ ವಾರ ಬಿಸಿಯೂಟ ಮುಗಿದ ಮೇಲೆ ನಲ್ಲಿ ಹತ್ತಿರ ತಟ್ಟೆ ತೊಳೆಯುತ್ತಾ ಎಂಟನೇ ತರಗತಿಯ ಹುಡುಗಿಯೊಬ್ಬಳು ಗೆಳತಿಗೆ ಕಥೆ ಹೇಳುತ್ತಿದ್ದಳು. ಕೇಳುತ್ತಿದ್ದವಳ ತಟ್ಟೆ ಕೈಯಲ್ಲೇ ನಿಂತಿತ್ತು, ನಲ್ಲಿ ನೀರು ಸುಮ್ನೆ ಹರಿಯುತ್ತಿತ್ತು. ನೀರು ನಿಲ್ಲಿಸಿ, "ಇದನ್ನೇ ನನ್ನ ಫೋನಿನ ಮುಂದೆ ಹೇಳ್ತೀಯಾ?" ಅಂತ ಕೇಳಿದೆ.

ತರಗತಿಯಲ್ಲಿ ರೆಕಾರ್ಡ್ ಮಾಡಿದರೆ ಗೋಡೆಗೆ ಬಡಿದು ದನಿ ಮಾರ್ದನಿಸುತ್ತಿತ್ತು. ಕೊನೆಗೆ ಬಿಸಿಯೂಟದ ದಾಸ್ತಾನು ಕೋಣೆಗೆ ಹೋದೆವು. ಅಕ್ಕಿ ಮೂಟೆಗಳ ನಡುವೆ ಕೂತು ಮಾತಾಡಿದರೆ ದನಿ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಈಗಲೂ ಅದೇ ನಮ್ಮ ಸ್ಟುಡಿಯೊ. ಅವಳು ನಲವತ್ತು ಸೆಕೆಂಡು ಮಾತಾಡಿದಳು. "ಅಜ್ಜಿ ಬಾಗಿಲು ತೆಗೆದಳು. ಒಳಗೆ ಯಾರಿದ್ರು ಅಂತ ನಾನ್ ಹೇಳಲ್ಲ. ಪುಸ್ತಕ ಎರಡನೇ ಬೀರುವಿನಲ್ಲಿದೆ." ಅಷ್ಟೇ. ಹಾಗೆ ನಿಲ್ಲಿಸು ಅಂತ ನಾನು ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ನಮ್ಮ ನಿಯಮ ಇಷ್ಟೇ: ಮಕ್ಕಳೇ ಮಾತಾಡಬೇಕು, ತಮ್ಮ ಮಾತಿನಲ್ಲೇ ಹೇಳಬೇಕು, ಒಂದು ನಿಮಿಷ ದಾಟಬಾರದು, ಕೊನೆ ಹೇಳಬಾರದು. ಮುಖ ತೋರಿಸುವುದಿಲ್ಲ, ಪುಸ್ತಕ ಮತ್ತು ಕೈ ಮಾತ್ರ. ಮನೆಯವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುತ್ತೇನೆ. ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಅಂತ ಇಡುತ್ತೇನೆ, ಹಾಗಾಗಿ ಹುಡುಕಿದರೆ ಸಿಗದು, ಲಿಂಕ್ ಇದ್ದವರು ಮಾತ್ರ ನೋಡಬಹುದು. ಪೂರ್ತಿ ಪುಸ್ತಕ ಓದಿ ಹಾಕುವುದಿಲ್ಲ, ಅದು ಬರೆದವರ ಹಕ್ಕಿನ ವಿಷಯ. ಓದಿಯೇ ಹೇಳಬೇಕು ಅನ್ನಿಸಿದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಿ ಓದಬಹುದು.

ಕ್ಯೂಆರ್ ಕೋಡ್ ಮಕ್ಕಳಿಗೆ ಹೊಸದಲ್ಲ. ಪಠ್ಯಪುಸ್ತಕದಲ್ಲಿ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ಕೋಡ್ ನೋಡಿಯೇ ಇರುತ್ತಾರೆ. ಹಾಗಾಗಿ ಆಯಾ ಪುಸ್ತಕದ ವಿಡಿಯೊ ತೆರೆಯುವ ಕೋಡನ್ನು ಪ್ರತಿ ಪುಸ್ತಕದ ರಟ್ಟಿನ ಒಳಬದಿಗೆ ಒಂದೊಂದು ಅಂಟಿಸಿದೆ. ಮೂರನೇ ವಾರಕ್ಕೆ ಒಂದೂ ತೆರೆಯಲಿಲ್ಲ! ಉಚಿತ ಅಂತ ಹೇಳುವ ಒಂದು ಸೈಟಿನಲ್ಲಿ ಮಾಡಿಕೊಂಡಿದ್ದೆ. ಆ ಕೋಡ್ ಮೊದಲು ಅವರ ಸೈಟಿಗೆ ಹೋಗಿ, ಅಲ್ಲಿಂದ ನಮ್ಮ ವಿಡಿಯೊಗೆ ಹೋಗುತ್ತಿತ್ತು. ಉಚಿತ ಅವಧಿ ಮುಗಿದ ಮೇಲೆ ದಾರಿ ಮುಚ್ಚಿದರು. ಅಷ್ಟೂ ಚೀಟಿ ಕಿತ್ತು ಮತ್ತೆ ಅಂಟಿಸಿದೆವು. ದಯವಿಟ್ಟು ಲಿಂಕನ್ನೇ ನೇರವಾಗಿ ಒಳಗಿಡುವ 'ಸ್ಟ್ಯಾಟಿಕ್' ಕೋಡ್ ಮಾಡಿ, ಅದಕ್ಕೆ ಅವಧಿಯೇ ಇಲ್ಲ. ಯೂಟ್ಯೂಬ್‌ನ 'ಶೇರ್' ಒತ್ತಿದಾಗ ಸಿಗುವ ಚಿಕ್ಕ ಲಿಂಕನ್ನೇ ಬಳಸಿ. ಲಿಂಕ್ ಉದ್ದವಾದಷ್ಟೂ ಚೌಕಗಳು ಜಾಸ್ತಿಯಾಗಿ ಹಳೆಯ ಫೋನುಗಳು ತಡಕಾಡುತ್ತವೆ. ಇನ್ನೊಂದು ವಿಷಯ. ವಿಡಿಯೊ ಅಳಿಸಿ ಮತ್ತೆ ಹಾಕಿದರೆ ಲಿಂಕ್ ಬದಲಾಗುತ್ತದೆ, ಹಳೆ ಕೋಡ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಲೈಬ್ರರಿ ಬಾಗಿಲಿಗೆ ಪ್ಲೇಲಿಸ್ಟಿನ, ಅಂದರೆ ಎಲ್ಲ ವಿಡಿಯೊಗಳ ಪಟ್ಟಿಯ, ಕೋಡ್ ಹಾಕಿದ್ದೇವೆ. ಅದರೊಳಗೆ ವಿಡಿಯೊ ಎಷ್ಟು ಸೇರಿಸಿದರೂ, ತೆಗೆದರೂ ಕೋಡ್ ಅದೇ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ದೊಡ್ಡ ಸಮಸ್ಯೆ ಕಣ್ಣಿಗೆ ಬಿತ್ತು. ಮಕ್ಕಳ ಹತ್ತಿರ ಶಾಲೆಯಲ್ಲಿ ಫೋನ್ ಇಲ್ಲ, ಇರಲೂ ಬಾರದು. ಪುಸ್ತಕ ಕೈಗೆ ತೆಗೆದುಕೊಂಡವರಿಗೆ ಮಾತ್ರ ಕಾಣುವ ಕೋಡ್, ಪುಸ್ತಕವನ್ನೇ ಮುಟ್ಟದವರಿಗೆ ಏನು ಮಾಡೀತು? ಫೋನ್ ಇರುವುದು ಅಪ್ಪ ಅಮ್ಮನ ಕೈಯಲ್ಲಿ. ಅವರು ದಿನಕ್ಕೆ ಎರಡು ಸಲ ಕ್ಯಾನ್ ಹಿಡಿದು ನಿಲ್ಲುವುದು ಹಾಲಿನ ಡೇರಿ ಮುಂದೆ.

ಅಲ್ಲೊಂದು ಕೋಡ್ ಅಂಟಿಸಬಹುದಾ ಅಂತ ಡೇರಿಯ ಕಾರ್ಯದರ್ಶಿಯವರನ್ನು ಕೇಳಿದೆ. "ಅಂಟಿಸಿ ಮಿಸ್, ಅದಕ್ಕೇನಂತೆ" ಅಂದರು. ಒಂದು ಮೀಟರ್ ದೂರದಿಂದ ಸ್ಕ್ಯಾನ್ ಆಗಬೇಕಾದರೆ ಕೋಡ್ ಸುಮಾರು ಹತ್ತು ಸೆಂಟಿಮೀಟರ್ ಅಗಲ ಬೇಕು, ಸುತ್ತಲೂ ಬಿಳಿ ಜಾಗ ಬಿಡಬೇಕು. ಹೊಳೆಯುವ ಲ್ಯಾಮಿನೇಷನ್ ಬೇಡ, ಬಲ್ಬಿನ ಬೆಳಕು ಅದರ ಮೇಲೆ ಬಿದ್ದು ಕೋಡೇ ಕಾಣುವುದಿಲ್ಲ. ಹಾಲು ಸಿಡಿದರೆ ಏನು ಗತಿ ಅಂತ ಹೆದರಿದ್ದೆ. ಆದರೆ ಕ್ಯೂಆರ್ ಅನ್ನುವುದು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಮಾಡಿದ ಕೋಡ್, ಕೊಳೆ ಆದರೂ ಓದಲಿ ಅಂತಲೇ ರೂಪಿಸಿದ್ದು. ಕೋಡ್ ಮಾಡುವಾಗ ತಪ್ಪು ತಿದ್ದಿಕೊಳ್ಳುವ ಶಕ್ತಿಯ ('ಎರರ್ ಕರೆಕ್ಷನ್') ಅತಿ ಹೆಚ್ಚಿನ ಮಟ್ಟ ಆರಿಸಿಕೊಂಡರೆ ಸುಮಾರು ಶೇಕಡ 30ರಷ್ಟು ಹಾಳಾದರೂ ತೆರೆಯುತ್ತದೆ. ಗೋಡೆಗೆ ಅದನ್ನೇ ಹಾಕಿದೆ.

ಎರಡು ದಿನ ಯಾರೂ ಹತ್ತಿರ ಹೋಗಲಿಲ್ಲ. "ಸ್ಕ್ಯಾನ್ ಮಾಡಿದ್ರೆ ದುಡ್ಡು ಹೋಗುತ್ತಾ ಮಿಸ್?" ಅಂತ ಒಬ್ಬರು ಕೇಳಿದಾಗಲೇ ಗೊತ್ತಾಗಿದ್ದು. ಭಯ ನ್ಯಾಯವೇ ಅಲ್ವಾ? ಅಂಗಡಿ ಮುಂದಿನ ಸ್ಕ್ಯಾನರ್ ಇರುವುದೇ ದುಡ್ಡು ಕೊಡಲು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: "ಇದು ದುಡ್ಡಿನದಲ್ಲ. ನಿಮ್ಮ ಮಕ್ಕಳ ಕಥೆ. ಫೋನಿನ ಕ್ಯಾಮೆರಾದಲ್ಲಿ ನೋಡಿ." ಕ್ಯಾಮೆರಾ ಅಂತ ಬರೆಯಲೇಬೇಕು. ದುಡ್ಡು ಕಳಿಸುವ ಆ್ಯಪ್‌ನಲ್ಲಿ ಹಿಡಿದವರಿಗೆ ವಿಡಿಯೊ ತೆರೆದಿರಲಿಲ್ಲ.

ಆಮೇಲೆ ಸಾಯಂಕಾಲ ಸಾಲಿನಲ್ಲಿ ನಿಂತವರು ಜೋರಾಗಿ ಹಾಕಿ ಕೇಳತೊಡಗಿದರು. "ಇದು ನಮ್ಮ ಹುಡುಗಿ ದನಿ!" ಮನೆಗೆ ಹೋಗಿ ಮಕ್ಕಳನ್ನು ಕೇಳಿದರು. ಮಕ್ಕಳು ನನ್ನ ಹತ್ತಿರ ಬಂದರು. ರಿಜಿಸ್ಟರಿನಲ್ಲಿ ಅಲ್ಲಿಯವರೆಗೆ ಕಾಣದಿದ್ದ ಹೆಸರುಗಳು ಬಂದವು.

ಕಳೆದ ತಿಂಗಳು ಒಬ್ಬ ತಾಯಿ ಖಾಲಿ ಕ್ಯಾನ್ ಹಿಡಿದೇ ಶಾಲೆಗೆ ಬಂದರು. "ಅಜ್ಜಿ ಬಾಗಿಲು ತೆಗೆದಳಲ್ಲ, ಆ ಪುಸ್ತಕ ನನಗೂ ಕೊಡ್ತೀರಾ ಮಿಸ್?" ಅಂದರು. ಎರಡನೇ ಬೀರು ತೆಗೆದು ಕೊಟ್ಟೆ. ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ 'ತರಗತಿ' ಅನ್ನುವ ಕಾಲಂ ಇದೆ. ಅಲ್ಲಿ 'ಅಮ್ಮ' ಅಂತ ಬರೆದುಕೊಂಡೆ.