ಅಂಚೆಯಲ್ಲಿ ಬರುವ ಮತಪತ್ರ: ಸಿಯಾಟಲ್ ಕಡೆಗೆ ಹೊರಟ ನಮ್ಮ ಭಾಗದವರಿಗೆ

ರಜೆಗೆಂದು ವಿಜಯಪುರಕ್ಕೆ ಬಂದಿದ್ದೇನೆ. ನಮ್ಮ ಓಣಿಯ ಒಬ್ಬ ಹುಡುಗ ಸಿಯಾಟಲ್‌ಗೆ ಹೊರಟಿದ್ದಾನೆ, ಜಮಖಂಡಿ ಕಡೆಯ ಒಂದು ಕುಟುಂಬ ಅದರ ಪಕ್ಕದ ಬೆಲ್‌ವ್ಯೂಗೆ. ಶೇಂಗಾ ಚಟ್ನಿ ಎಷ್ಟು ಒಯ್ಯಬಹುದು, ಮನೆ ಬಾಡಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಚುನಾವಣೆ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ವಾಷಿಂಗ್ಟನ್ ರಾಜ್ಯಕ್ಕೆ ಬಂದ ಕೆಲವೇ ತಿಂಗಳಲ್ಲಿ ಅದು ತಾನಾಗಿಯೇ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಇದು ರಾಜಧಾನಿ ವಾಷಿಂಗ್ಟನ್ ಡಿ.ಸಿ. ಅಲ್ಲ, ಪಶ್ಚಿಮ ಕರಾವಳಿಯ ರಾಜ್ಯ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ನಾನು ಹೇಳುವುದು ನಾನಿರುವ ವಾಷಿಂಗ್ಟನ್ ರಾಜ್ಯದ್ದು ಮಾತ್ರ, ಮುಂದೆ ‘ಇಲ್ಲಿ’ ಎಂದರೆ ಅದೇ.

ಎಲ್ಲಕ್ಕಿಂತ ಮೊದಲು ಇದನ್ನು ತಿಳಿದುಕೊಳ್ಳಿ. ಅಮೆರಿಕದ ಪೌರತ್ವ ಸಿಗುವವರೆಗೆ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಡಿ. ಕೆಲಸದ ವೀಸಾ ಎಚ್-1ಬಿ ಇರಲಿ, ಓದಿನ ವೀಸಾ ಎಫ್-1 ಇರಲಿ, ಕಾಯಂ ವಾಸದ ಗ್ರೀನ್ ಕಾರ್ಡೇ ಇರಲಿ. ಪೌರರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ. ‘ನಾನು ಈ ದೇಶದ ಪೌರ’ ಎಂದು ಫಾರಂನಲ್ಲಿ ಸುಳ್ಳು ಟಿಕ್ ಹಾಕಿದರೂ ದೇಶದಿಂದ ಹೊರಗೆ ಕಳಿಸುವ ಮಟ್ಟಕ್ಕೆ ಹೋಗಬಹುದು. ಮುಂದೆ ಪೌರತ್ವಕ್ಕೆ ತುಂಬುವ ಎನ್-400 ಅರ್ಜಿಯಲ್ಲಿ, ಎಂದಾದರೂ ನೋಂದಣಿ ಮಾಡಿಸಿದ್ದೀರಾ, ಮತ ಹಾಕಿದ್ದೀರಾ ಎಂದು ನೇರವಾಗಿ ಕೇಳುತ್ತಾರೆ.

ನಮ್ಮವರು ಬೇಕಂತಲೇ ತಪ್ಪು ಮಾಡುವುದಿಲ್ಲ, ಗೊತ್ತು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆಯೂ ಬರಬಹುದು. ಗಡಿಬಿಡಿಯಲ್ಲಿ ‘ಹೌದು’ ಅಂದುಬಿಡುತ್ತಾರೆ. ಕಿರಾಣಿ ಅಂಗಡಿಯ ಬಾಗಿಲಲ್ಲಿ ಕೆಲವರು ಅರ್ಜಿಯ ಹಾಳೆ ಹಿಡಿದು ನಿಂತು, ಒಂದು ಸಹಿ ಹಾಕಿ ಎಂದು ನಗುತ್ತಾ ಕೇಳುತ್ತಾರೆ. ಹೊಸ ಕಾನೂನನ್ನು ಜನಮತಕ್ಕೆ ಹಾಕಿಸುವ ಅರ್ಜಿ ಅದು. ಅದಕ್ಕೆ ಸಹಿ ಮಾಡುವ ಹಕ್ಕು ಇಲ್ಲಿನ ಮತದಾರರಿಗೆ ಮಾತ್ರ. ‘ನಾನು ಪೌರನಲ್ಲ’ ಎಂದು ಹೇಳಿ ಮುಂದೆ ಹೋಗಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಣದ ವಿಷಯದಲ್ಲೂ ಜೋಪಾನ. ಪರಿಚಯದ ಕನ್ನಡಿಗರೊಬ್ಬರು ಸ್ಕೂಲ್ ಬೋರ್ಡ್‌ಗೆ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಚುನಾಯಿತ ಮಂಡಳಿಗೆ ನಿಂತಿದ್ದಾರೆ, ಒಂದಿಪ್ಪತ್ತು ಡಾಲರ್ ಕೊಡೋಣ ಅನ್ನಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ವೀಸಾ ಮೇಲಿರುವವರು ಫೆಡರಲ್, ರಾಜ್ಯ, ನಗರ, ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ತಪ್ಪಿ ಹೆಸರು ಸೇರಿಬಿಟ್ಟಿದ್ದರೆ ಮುಚ್ಚಿಡಬೇಡಿ, ಮೊದಲು ವಲಸೆ ವಕೀಲರ ಹತ್ತಿರ ಹೋಗಿ.

ಅಮೆರಿಕದ ಪೌರತ್ವ ಸಿಗುವವರೆಗೆ ನಿಮ್ಮ ಮತ ಊರಲ್ಲೇ ಇರುತ್ತದೆ. ಫಾರಂ 6ಎ ತುಂಬಿದರೆ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಅನಿವಾಸಿ ಮತದಾರರಾಗಬಹುದು. ಆದರೆ ಅಂಚೆಯಲ್ಲಿ ಹಾಕುವ ಅವಕಾಶ ನಮಗಿಲ್ಲ, ಮೂಲ ಪಾಸ್‌ಪೋರ್ಟ್ ಹಿಡಿದು ಬೂತ್‌ಗೇ ಬರಬೇಕು. ಅಮೆರಿಕದ ಪೌರತ್ವ ತೆಗೆದುಕೊಂಡ ದಿನ ಈ ಹಕ್ಕೂ ಹೋಗುತ್ತದೆ. ವಿದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದ್ದರೆ ಊರಿಗೆ ಬಂದು ಹೋಗಬಹುದು, ಮತ ಹಾಕುವಂತಿಲ್ಲ.

ಈಗ ಪೌರತ್ವ ಬಂದವರ ಮಾತು. ಹೊಸದಾಗಿ ಪೌರತ್ವದ ಪ್ರಮಾಣ ಮಾಡಿದವರು ಕೇಳುವ ಮೊದಲ ಪ್ರಶ್ನೆ, ‘ಕಾಕಾ, ಬೂತ್ ಎಲ್ಲಿ ಐತ್ರಿ?’ ಬೂತ್ ಇಲ್ಲ. ನಮ್ಮಲ್ಲಿ ಅಂಚೆ ಮತ ಎಂದರೆ ಸೈನ್ಯದಲ್ಲಿರುವ ಮಗ, ಚುನಾವಣೆ ಡ್ಯೂಟಿಗೆ ಹೋದ ಮಾಸ್ತರರು, 85 ದಾಟಿದ ಅಜ್ಜ. ವಾಷಿಂಗ್ಟನ್ನಿನಲ್ಲಿ ಎಲ್ಲರಿಗೂ ಅಂಚೆಯೇ. ಮತದಾನದ ದಿನಕ್ಕೆ 18 ದಿನ ಮೊದಲೇ ಮತಪತ್ರ ಕಳಿಸುತ್ತಾರೆ. ಜೊತೆಗೆ ಅಭ್ಯರ್ಥಿಗಳ ಮಾತುಗಳಿರುವ ಒಂದು ಪುಸ್ತಿಕೆಯೂ ಬರುತ್ತದೆ. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು, ಗಂಡ ಹೆಂಡತಿ ಚರ್ಚೆ ಮಾಡುತ್ತಾ ನಿಧಾನವಾಗಿ ತುಂಬಬಹುದು. ನನಗೆ ಈ ಪದ್ಧತಿ ತುಂಬಾ ಇಷ್ಟ. ಹೆಸರೇ ಗೊತ್ತಿಲ್ಲದ ಅಭ್ಯರ್ಥಿಗಳ ಬಗ್ಗೆ ಓದಿ ತಿಳಿಯಲು ಸಮಯ ಸಿಗುತ್ತದೆ.

ವಾಪಸ್ ಕಳಿಸಲು ಸ್ಟಾಂಪ್ ಬೇಡ. ಅಂಚೆಗೆ ಹಾಕುವುದಾದರೆ ಒಂದು ವಾರ ಮೊದಲೇ ಹಾಕಿ. ಮತದಾನದ ದಿನದೊಳಗಿನ ಅಂಚೆ ಮುದ್ರೆ ಇದ್ದರೆ ಮಾತ್ರ ಅದು ಲೆಕ್ಕಕ್ಕೆ. ನೀವು ಡಬ್ಬಿಗೆ ಹಾಕಿದ ದಿನವೇ ಮುದ್ರೆ ಬೀಳುತ್ತದೆ ಎಂದು ನಂಬುವ ಹಾಗಿಲ್ಲ. ಕೊನೆಯ ದಿನಗಳಲ್ಲಿ ಗ್ರಂಥಾಲಯ, ಸಿಟಿ ಹಾಲ್ ಮುಂದೆ ಇಟ್ಟಿರುವ ಡ್ರಾಪ್ ಬಾಕ್ಸೇ ಒಳ್ಳೆಯದು. ಮತದಾನದ ದಿನ ರಾತ್ರಿ 8 ಗಂಟೆಗೆ ಅದು ಮುಚ್ಚುತ್ತದೆ. ಇನ್ನೊಂದು ವಿಷಯ. ಅಪಾರ್ಟ್‌ಮೆಂಟ್ ಬದಲಿಸಿದರೆ ವಿಳಾಸವನ್ನೂ ಬದಲಿಸಿ. ಬೇರೆ ಪತ್ರಗಳ ಹಾಗೆ ಮತಪತ್ರವನ್ನು ಹೊಸ ಮನೆಗೆ ತಿರುಗಿಸಿ ಕಳಿಸುವುದಿಲ್ಲ.

ಇನ್ನು ಸಹಿ. ಊರಲ್ಲಿ ಗುರುತಿನ ಚೀಟಿ ನೋಡಿ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಇಲ್ಲಿ ಆ ಕೆಲಸವನ್ನೆಲ್ಲ ಲಕೋಟೆಯ ಮೇಲಿನ ಸಹಿ ಮಾಡುತ್ತದೆ. ನೋಂದಣಿಯಲ್ಲಿರುವ ಸಹಿಗೂ ಲಕೋಟೆಯ ಸಹಿಗೂ ತಾಳೆ ಹಾಕಿ, ಸರಿ ಹೊಂದಿದ ಮೇಲೆಯೇ ಲಕೋಟೆ ಒಡೆಯುತ್ತಾರೆ. ಆಮೇಲೆ ಲಕೋಟೆ ಬೇರೆ, ಮತಪತ್ರ ಬೇರೆ ಮಾಡುತ್ತಾರೆ. ಹಾಗಾಗಿ ನೀವು ಯಾರಿಗೆ ಹಾಕಿದಿರಿ ಎಂಬುದು ಗುಟ್ಟಾಗಿಯೇ ಉಳಿಯುತ್ತದೆ. ನಮ್ಮಲ್ಲಿ ಅನೇಕರಿಗೆ ಎರಡು ಮೂರು ಸಹಿ ಇರುತ್ತವೆ. ಬ್ಯಾಂಕಿಗೊಂದು, ಪಾಸ್‌ಪೋರ್ಟ್‌ಗೊಂದು, ಅವಸರಕ್ಕೊಂದು. ಕನ್ನಡದಲ್ಲಿ ಸಹಿ ಮಾಡುವ ರೂಢಿ ಇದ್ದರೆ ಧಾರಾಳವಾಗಿ ಮಾಡಿ, ಆದರೆ ನೋಂದಣಿಯಲ್ಲೂ ಅದೇ ಇರಲಿ. ಒಂದೇ ಮನೆಯಲ್ಲಿ ಗಂಡನ ಲಕೋಟೆ ಮೇಲೆ ಹೆಂಡತಿ ಸಹಿ ಮಾಡುವುದೂ ಆಗುತ್ತದೆ. ಹೆಸರು ನೋಡಿಯೇ ಪೆನ್ನು ಎತ್ತಿ. ಪೌರತ್ವ ಪಡೆದ ಅಪ್ಪ ಅವ್ವನಿಗೆ ಕೈ ನಡುಗಿ ಸಹಿ ಬರದಿದ್ದರೆ, ಒಂದು ಗುರುತು ಹಾಕಿಸಿ ಇಬ್ಬರು ಸಾಕ್ಷಿಗಳು ಸಹಿ ಮಾಡಿದರೆ ನಡೆಯುತ್ತದೆ.

ಸಹಿ ಹೊಂದದಿದ್ದರೆ ಚುನಾವಣಾ ಕಚೇರಿಯೇ ತಿಳಿಸುತ್ತದೆ, ಸರಿಪಡಿಸಲು ಸಮಯವನ್ನೂ ಕೊಡುತ್ತದೆ. ಆ ಪತ್ರವನ್ನು ಜಾಹೀರಾತು ಎಂದು ಕಸಕ್ಕೆ ಹಾಕಬೇಡಿ. ಮತಪತ್ರ ತಲುಪಿತಾ, ಒಪ್ಪಿಗೆ ಆಯ್ತಾ ಎಂದು ಆನ್‌ಲೈನ್‌ನಲ್ಲೂ ನೋಡಬಹುದು.

ಎಣಿಕೆ ಮಾತ್ರ ನಮ್ಮವರಿಗೆ ತಾಳ್ಮೆಯ ಪರೀಕ್ಷೆ. ಊರಲ್ಲಿ ಬೆಳಗ್ಗೆ 8ಕ್ಕೆ ಶುರುವಾದರೆ ಮಧ್ಯಾಹ್ನದೊಳಗೆ ಗುಲಾಲು ಎರಚಿ ಆಗಿರುತ್ತದೆ. ಇಲ್ಲಿ ಮೊದಲ ರಾತ್ರಿ ಬರುವುದು ಅಷ್ಟರೊಳಗೆ ಕೈ ಸೇರಿದ ಮತಗಳ ಲೆಕ್ಕ ಮಾತ್ರ. ಉಳಿದವು ದಿನಗಟ್ಟಲೆ ಬರುತ್ತಲೇ ಇರುತ್ತವೆ. ನವೆಂಬರ್ ಚುನಾವಣೆಯ ಫಲಿತಾಂಶವನ್ನು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ, ಅಧಿಕೃತ ಮಾಡುವುದೇ ಮತದಾನವಾದ 21ನೇ ದಿನ. 2025ರ ಸಿಯಾಟಲ್ ಮೇಯರ್ ಚುನಾವಣೆಯಲ್ಲಿ ಮೊದಲ ರಾತ್ರಿ ಬ್ರೂಸ್ ಹ್ಯಾರೆಲ್ ಮುಂದಿದ್ದರು, ಕೊನೆಗೆ ಗೆದ್ದವರು ಕೇಟಿ ವಿಲ್ಸನ್. ಏನೋ ಮೋಸ ಆಗಿದೆ ಎಂದು ವಾಟ್ಸಾಪ್‌ನಲ್ಲಿ ಬರೆಯುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ತಡವಾಗಿ ಬಂದ ಮತವೂ ಮತವೇ ಅಲ್ವಾ?

ಮರು ಎಣಿಕೆಯಲ್ಲೂ ವ್ಯತ್ಯಾಸ ಇದೆ. ನಮ್ಮಲ್ಲಿ ಅಭ್ಯರ್ಥಿಯ ಕಡೆಯವರು ಕೇಳಬೇಕು, ಚುನಾವಣಾಧಿಕಾರಿ ಒಪ್ಪಬೇಕು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಹೀಗೇ ಮರು ಎಣಿಕೆ ಆಗಿ, ರಾತ್ರಿ ಬಹಳ ಹೊತ್ತಾದ ಮೇಲೆ 16 ಮತಗಳಲ್ಲಿ ತೀರ್ಮಾನವಾಯಿತು. ವಾಷಿಂಗ್ಟನ್ನಿನಲ್ಲಿ ಯಾರೂ ಕೇಳದಿದ್ದರೂ ಕಾನೂನೇ ಮಾಡಿಸುತ್ತದೆ. ಇಬ್ಬರ ಅಂತರ 2,000 ಮತಕ್ಕಿಂತ ಕಡಿಮೆ ಇದ್ದು, ಅವರಿಬ್ಬರಿಗೆ ಬಿದ್ದ ಮತಗಳ ಶೇ 0.5ಕ್ಕಿಂತಲೂ ಕಡಿಮೆ ಇದ್ದರೆ ಯಂತ್ರದಲ್ಲಿ ಮತ್ತೆ ಎಣಿಸುತ್ತಾರೆ. ಇನ್ನೂ ಹತ್ತಿರವಾದರೆ ಕೈಯಿಂದಲೇ ಎಣಿಕೆ. ಇಡೀ ರಾಜ್ಯದ ಹುದ್ದೆಗೆ 1,000, ಉಳಿದವಕ್ಕೆ 150 ಮತಕ್ಕಿಂತ ಕಡಿಮೆ, ಜೊತೆಗೆ ಶೇ 0.25ರ ಒಳಗೆ ಎಂಬುದು ಅದರ ಗೆರೆ. ಅಂತರ ಇದಕ್ಕಿಂತ ಜಾಸ್ತಿ ಇದ್ದರೂ ಮರು ಎಣಿಕೆ ಕೇಳಬಹುದು. ಆಗ ಮತಪತ್ರವೊಂದಕ್ಕೆ ಯಂತ್ರಕ್ಕಾದರೆ 15 ಸೆಂಟ್, ಕೈ ಎಣಿಕೆಗಾದರೆ 25 ಸೆಂಟ್ ಠೇವಣಿ ಇಡಬೇಕು.

2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಗೆದ್ದಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಇಲ್ಲಿ ಗವರ್ನರ್ ಚುನಾವಣೆ ನಡೆಯಿತು. ಇಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥವರು. ಮೊದಲ ಎಣಿಕೆಯಲ್ಲಿ ಡೀನೋ ರಾಸ್ಸಿ 261 ಮತ ಮುಂದೆ. ಯಂತ್ರದ ಮರು ಎಣಿಕೆಯಲ್ಲಿ ಅದು 42ಕ್ಕೆ ಇಳಿಯಿತು. ಕೈಯಿಂದ ಎಣಿಸಿದಾಗ ಕ್ರಿಸ್ಟೀನ್ ಗ್ರೆಗ್ವಾರ್ 129 ಮತಗಳಿಂದ ಗೆದ್ದರು. ಆ ಕೈ ಎಣಿಕೆ ನಡೆಯುತ್ತಿದ್ದಾಗಲೇ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ನೂರಾರು ಮತಪತ್ರಗಳನ್ನು ತಪ್ಪಾಗಿ ಪಕ್ಕಕ್ಕೆ ಇಟ್ಟಿದ್ದು ಬೆಳಕಿಗೆ ಬಂತು. ಕಾರಣ, ಆ ಮತದಾರರ ಸಹಿ ಕಂಪ್ಯೂಟರಿನಲ್ಲಿ ಇರಲಿಲ್ಲ. ಅವುಗಳನ್ನು ಪರಿಗಣಿಸಬಹುದು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಸಹಿ ಸಹಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. 2024ರ ಆಗಸ್ಟ್ ಪ್ರೈಮರಿಯಲ್ಲೂ, ಅಂದರೆ ಮೊದಲ ಇಬ್ಬರನ್ನು ನವೆಂಬರ್ ಚುನಾವಣೆಗೆ ಕಳಿಸುವ ಮೊದಲ ಸುತ್ತಿನಲ್ಲೂ, ರಾಜ್ಯದ ಭೂ ಇಲಾಖೆಯ ಹುದ್ದೆಗೆ ಎರಡನೇ ಸ್ಥಾನ ಕೈ ಎಣಿಕೆಯ ನಂತರ ಬರೀ 49 ಮತಗಳಲ್ಲಿ ತೀರ್ಮಾನವಾಯಿತು.

ಇಷ್ಟು ಗೊತ್ತಿದ್ದೂ ನಮ್ಮವರು ಅಧ್ಯಕ್ಷರ ಚುನಾವಣೆಗೆ ಮಾತ್ರ ಲಕೋಟೆ ಒಡೆಯುತ್ತಾರೆ, ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ನಗರಸಭೆ, ಸ್ಕೂಲ್ ಬೋರ್ಡ್ ಚುನಾವಣೆ ನಡೆಯುವುದು 2025, 2027ರಂಥ ಬೆಸ ವರ್ಷಗಳಲ್ಲಿ. ಫೆಬ್ರವರಿ, ಏಪ್ರಿಲ್‌ನಲ್ಲಿ ಒಂದೇ ಒಂದು ಪ್ರಶ್ನೆಯ ತೆಳ್ಳಗಿನ ಮತಪತ್ರ ಬರಬಹುದು. ಶಾಲೆಗೆ ಆಸ್ತಿ ತೆರಿಗೆಯಿಂದ ಹಣ ಕೊಡಬೇಕಾ ಬೇಡವಾ ಎಂಬ ಪ್ರಶ್ನೆ ಅದು. ದಿನನಿತ್ಯದ ಖರ್ಚಿಗೆ ಹಾಕುವ ತೆರಿಗೆಗೆ (ಲೆವಿ) ಅರ್ಧಕ್ಕಿಂತ ಹೆಚ್ಚು ಮತ ಸಾಕು, ಕಟ್ಟಡ ಕಟ್ಟಲು ಎತ್ತುವ ಸಾಲಕ್ಕೆ (ಬಾಂಡ್) ಶೇ 60 ಬೇಕು. ನಿಮ್ಮ ಮಕ್ಕಳ ತರಗತಿಯಲ್ಲಿ ಎಷ್ಟು ಜನ ಕೂರುತ್ತಾರೆ ಎಂಬುದು ಇಂಥ ಲಕೋಟೆಯ ಮೇಲೂ ನಿಂತಿದೆ.

ವೀಸಾ ಮೇಲಿರುವವರು ಸುಮ್ನೆ ಕೈಕಟ್ಟಿ ಕೂರಬೇಕಾಗಿಲ್ಲ. ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಸಭೆಗಳಲ್ಲಿ ಸಾರ್ವಜನಿಕರು ಮಾತಾಡುವ ಸಮಯ ಇರುತ್ತದೆ, ಅದಕ್ಕೆ ಪೌರತ್ವ ಬೇಡ. ಹೆಸರು ಕೊಟ್ಟು, ಹೇಳಬೇಕಾದ್ದನ್ನು ಚಿಕ್ಕದಾಗಿ ಬರೆದುಕೊಂಡು ಹೋಗಿ. ಇಲ್ಲೇ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಪೌರರು. ಅವರು 16ಕ್ಕೇ ಮುಂದಿನ ಮತದಾರರಾಗಿ ಹೆಸರು ಬರೆಸಬಹುದು. ಆ ಫಾರಂ ತುಂಬುವಾಗ ಪಕ್ಕದಲ್ಲೇ ಕೂತು ಸಹಿ ಹೇಗೆ ಮಾಡಬೇಕೆಂದು ತೋರಿಸಿಕೊಡಿ.