ಚೌಕಳಿ ಅಂಗಿ ಏಕೆ ಕುಣಿಯುತ್ತದೆ? ಬರೆದೇ ನೋಡಿ

ಕೈಯಲ್ಲಿ ಬರೆದ ಕಾರ್ಟೂನ್‌ಗಳಲ್ಲಿ ಪಾತ್ರಗಳ ಬಟ್ಟೆ ಜಾಸ್ತಿ ಸಾದಾ ಬಣ್ಣದ್ದೇ ಇರುತ್ತದೆ, ಅಲ್ವಾ? ಚೌಕಳಿ ಅಂಗಿ, ಹೂವಿನ ಸೀರೆ ಅಪರೂಪ. ಕಾರಣ ತಿಳಿಯಲು ಒಂದು ಮಧ್ಯಾಹ್ನ ಸಾಕು. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಒಂದು ಬದಿ ಅಂಟಿಸಿದ, ತೆಳು ಹಾಳೆಯ ಸಣ್ಣ ಪ್ಯಾಡ್ ತನ್ನಿ. 24 ಹಾಳೆ ಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಬಿಡಿಬಿಡಿ ಸ್ಥಿರಚಿತ್ರಗಳು, ಓಡುತ್ತವೆ. ಕೈಯಲ್ಲಿ ಬರೆಯುವವರು ಎಷ್ಟೋ ಸಲ ಒಂದೇ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರದಲ್ಲೇ ಕೆಲಸ ಸಾಗಿಸುತ್ತಾರೆ. ಆ ಲೆಕ್ಕದಲ್ಲಿ ನಿಮ್ಮದು ಎರಡು ಸೆಕೆಂಡಿನ ಸಿನಿಮಾ.

ಕೊನೆಯ ಹಾಳೆಯಿಂದ ಶುರುಮಾಡಿ. ಆಗ ಅಡಿಯ ಚಿತ್ರ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತದೆ. ಚೌಕಳಿ ಅಂಗಿಯವನೊಬ್ಬ ನಿಂತಲ್ಲೇ ಒಂದು ಸುತ್ತು ತಿರುಗಲಿ. 1ನೇ ಚಿತ್ರದಲ್ಲಿ ಮುಖ, 7ರಲ್ಲಿ ಪಕ್ಕ, 13ರಲ್ಲಿ ಬೆನ್ನು, 19ರಲ್ಲಿ ಇನ್ನೊಂದು ಪಕ್ಕ. ಈ ನಾಲ್ಕನ್ನು ಮೊದಲು ಬರೆದು, ನಡುವಿನವನ್ನು ಆಮೇಲೆ ತುಂಬಿ. ಹಾಳೆಗೆ 15 ಡಿಗ್ರಿ ತಿರುವು.

ಈಗ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಡಿ. ಮನುಷ್ಯ ತಿರುಗುತ್ತಾನೆ, ನಿಜ. ಆದರೆ ಮೂಗು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಭುಜ ಉಬ್ಬಿ ಕುಗ್ಗುತ್ತದೆ. ಅಂಗಿಯ ಗೆರೆಗಳಂತೂ ಇರುವೆ ಮುತ್ತಿದ ಹಾಗೆ ಹರಿದಾಡುತ್ತವೆ! ಬೇಜಾರು ಬೇಡ, ನುರಿತವರಿಗೂ ಇದು ಕಷ್ಟವೇ. ಪ್ರತಿ ಹಾಳೆಯಲ್ಲೂ ಆತ ಹೊಸದಾಗಿ ಹುಟ್ಟಬೇಕು. ಮೊಣಕೈ ಹತ್ತಿರ ಎಷ್ಟು ಚೌಕ ಇದ್ದವು ಎಂದು ಎಣಿಸಿ, ಅಷ್ಟನ್ನೇ, ಅಲ್ಲೇ, ಮತ್ತೆ ಬರೆಯಬೇಕು.

ಇದೇ ಪಾತ್ರವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಗೊಂಬೆಯಾಗಿ ಕಟ್ಟಲು ದಿನಗಟ್ಟಲೆ ಹಿಡಿಯಬಹುದು. ಕಟ್ಟಿದ ಮೇಲೆ ಚೌಕಳಿ ಅದರ ಮೈಗೆ ಅಂಟಿಕೊಂಡೇ ಇರುತ್ತದೆ. ಕ್ಯಾಮೆರಾ ಎಷ್ಟು ಸುತ್ತು ಹಾಕಿದರೂ ಗೆರೆ ಜಾರದು. ಹಿನ್ನೆಲೆಯ ಕಥೆಯೂ ಇದೇ. ಕೈಯಲ್ಲಿ ಬರೆದ ಅರಮನೆ ಒಂದು ಹಾಳೆ. ಅದನ್ನು ಪಕ್ಕಕ್ಕೆ ಸರಿಸಬಹುದು, ಕಂಬದ ಹಿಂದೆ ಹೋಗಿ ಇಣುಕಲಾಗದು. 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರದ ನೃತ್ಯವನ್ನು ಮತ್ತೊಮ್ಮೆ ನೋಡಿ. ಕುಣಿಯುವ ಜೋಡಿ ಕೈಚಿತ್ರ, ಸುತ್ತಲಿನ ಸಭಾಂಗಣ ಕಂಪ್ಯೂಟರಿನದು. ಕ್ಯಾಮೆರಾ ತೂಗುದೀಪದ ಬಳಿಯಿಂದ ಅಷ್ಟು ಸಲೀಸಾಗಿ ಇಳಿದು ಬರಲು ಸಾಧ್ಯವಾಗಿದ್ದು ಹಾಗಾಗಿಯೇ. ನನಗೆ ಆ ದೃಶ್ಯ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಈಗ ಕೈಚಿತ್ರಕ್ಕೆ ಸಲೀಸಾದದ್ದನ್ನೂ ನೋಡೋಣ, ಇನ್ನೊಂದು ಪ್ಯಾಡ್ ತಗೊಳ್ಳಿ. ಈ ಸಲ ಅಂಗಿ ಸಾದಾ ಇರಲಿ. ತಿರುವನ್ನು ಆರೇ ಹಾಳೆಯಲ್ಲಿ ಮುಗಿಸಿ, ನಡುವೆ ಮುಖವನ್ನು ಬೇಕಂತಲೇ ರಬ್ಬರಿನಂತೆ ಎಳೆದುಬಿಡಿ. ಉಳಿದ 18 ಹಾಳೆಗಳಲ್ಲಿ ಆತ ಸುಮ್ನೆ ನಿಂತು ಕಣ್ಣು ಮಿಟುಕಿಸಲಿ.